ಜೇಡನ ಬಿಲಕ್ಕೆ ಒಕ್ಕಲು

ಬರ್ರಾ ಎನ್ನುತ್ತಾರೆ ಊರಿಗೆ. ನನ್ನ ಕಿವಿಗೆ
ಬರ ಎಂದೇ ಬೀಳುತ್ತದೆ, ಮಳೆ ಬಂದ ದಿನವೂ.
ಅಲ್ಲಿಂದ ತೆಂಕಲಿಗೆ ಒಂದು ಗಂಟೆಯ ದಾರಿ.
ವ್ಯಾನಿನ ಹಿಂದೆ ಇಪ್ಪತ್ತಮೂರು ಬಟ್ಟೆಚೀಲ,
ಚೀಲಕ್ಕೊಂದು ನಂಬರು, ನಂಬರಿಗೊಂದು ಹಾವುರಾಣಿ,
ಗೇಣಿಗೆ ಕಡಿಮೆ, ಒಣಹುಲ್ಲಿನ ಬಣ್ಣ.
ನಾನು ಬರೀ ಡ್ರೈವರು.
‘ಗುಂಡಿ ಬಂದರೆ ನಿಧಾನ, ಬಸುರಿಯರಿದ್ದಾರೆ’
ಎಂದಳು ಮೆರಿನ್. ಇಷ್ಟು ಮೆಲ್ಲಗೆ
ಯಾವ ಮದುವೆ ದಿಬ್ಬಣವನ್ನೂ ನಾನು ಒಯ್ದಿಲ್ಲ.

ಮೂವತ್ತು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲವಂತೆ.
ಅಳಿಯಿತು ಎಂದು ಬರೆದು ಕೈ ತೊಳೆದುಕೊಂಡರಂತೆ.
ಆಮೇಲೊಂದು ದಿನ, ರಸ್ತೆಯಲ್ಲಿ ಸತ್ತ ಹಾವಿನ
ಹೊಟ್ಟೆ ಸೀಳಿದರೆ ಒಳಗೆ ಇದು.
ಸಿಕ್ಕಿದ್ದು ಹೆಣ. ಆದರೂ ಕುಣಿದರಂತೆ:
ಹಾವು ನಿನ್ನೆ ಉಂಡದ್ದಾದರೆ
ನಿನ್ನೆಯ ತನಕ ಇತ್ತಲ್ಲ!

ಗುಡ್ಡ ಟ್ರೆಲೋರನದು. ಕುರಿ ಮೇಯಿಸುತ್ತಾನೆ.
ಅವನ ಮುತ್ತಜ್ಜ ಸುತ್ತಲ ನೆಲವನ್ನೆಲ್ಲ ಉತ್ತು ಗೋಧಿ ಬಿತ್ತಿ,
ಇಲ್ಲಿ ಮಾತ್ರ ಎರಡು ನೇಗಿಲು ಮುರಿದುಕೊಂಡು
ಬೈದು ಬಿಟ್ಟ.
ಮೂರು ತಲೆಮಾರು ನಕ್ಕಿದ್ದಾರೆ ಪಕ್ಕದವರು ಈ ಕಲ್ಲಿಗೆ.
ಉಳದ ನೆಲದಲ್ಲಷ್ಟೇ ಉಳಿದೀತು
ಜೇಡ ತೋಡಿದ ಬಿಲ;
ಜೇಡ ಬಿಟ್ಟುಹೋದಲ್ಲಿ ಹಾವುರಾಣಿ ಒಕ್ಕಲು.
ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆ ಎಂಬುದು
ನಮ್ಮ ಕಡೆಯ ಮಾತು ಮಾತ್ರ ಎಂದುಕೊಂಡಿದ್ದೆ.

ಇಲ್ಲಿ ಜೇಡಗಳು ಸಾಲವು. ಮೆರಿನ್
ಮರದ ಕೊಳವೆ ಹೂಳುತ್ತ ಹೋಗುತ್ತಾಳೆ,
ಬಾಯಿ ನೆಲದ ಸಮಕ್ಕೆ.
ಹದಿನಾರು ಇಳಿದವು. ಹದಿನೇಳನೆಯದು ಒಲ್ಲದು.
ಅಂಗೈಯಲ್ಲಿ ಕೂತು ಬಾಯಿ ತೆರೆಯಿತು ನನಗೆ.
ಹೆಸರು ನೀಲಿನಾಲಗೆ. ನಾಲಗೆ ಗುಲಾಬಿ.
(ನನ್ನ ಪಾಸ್‌ಪೋರ್ಟಿನಲ್ಲೂ ಇಂಥದೊಂದು ತಪ್ಪಿದೆ.)
ಟ್ರೆಲೋರ್ ಟೋಪಿ ತೆಗೆದು ನೆರಳು ಹಿಡಿದ.
ಹತ್ತು ನಿಮಿಷ. ಯಾರೂ ಕೆಮ್ಮಲಿಲ್ಲ.
ಆಮೇಲೆ ತಾನೇ ತಿರುಗಿ, ಬಾಲ ಮುಂದು ಮಾಡಿ,
ಬಲಗಾಲೋ ಎಡಗಾಲೋ ಶಾಸ್ತ್ರ ನೋಡದೆ
ಹಿಮ್ಮುಖವಾಗಿ ಇಳಿಯಿತು.
ಬಿಲದ ಬಾಯಲ್ಲಿ ಮೂತಿಯಷ್ಟು ಉಳಿಸಿಕೊಂಡು
ನಮ್ಮನ್ನು ಪರಕೀಯರಂತೆ ನೋಡಿತು.

‘ಎಷ್ಟು ಬದುಕುತ್ತವೆ?’
‘ಫೆಬ್ರವರಿಯಲ್ಲಿ ಬಾ. ಗಾಳದ ದಾರಕ್ಕೆ ಹುಳ ಕಟ್ಟಿ
ಬಾಗಿಲು ಬಾಗಿಲಿಗೂ ಇಳಿಬಿಡೋಣ.
ಯಾರು ಕಚ್ಚುತ್ತಾರೋ ಅವರು ಇದ್ದಾರೆ.’

ಖಾಲಿ ಚೀಲ ಮಡಿಸಿಟ್ಟುಕೊಂಡು ಬಂದೆವು.
ಗೇಟಿನ ಕಲ್ಲಿಗೆ ತಾಗಿ ಹಾವಿನ ಪೊರೆ,
ಇನ್ನೂ ಮೆತ್ತಗಿತ್ತು.
ಟ್ರೆಲೋರ್ ನೋಡಿದ,
ನೋಡದವನ ಹಾಗೆ ಚಿಲಕ ಹಾಕಿದ.