ಒಳಗಿನ ಕೆಲಸ

ಮೊದಲೇ ನೀರು ಮುಟ್ಟಿಸಬೇಡ, ಮೊಫಿಜುಲ್.
ಒದ್ದೆ ಮರಳು ಅಂದರೆ ಉಪ್ಪುಕಾಗದ.
ಒಣ ಬ್ರಷ್ಷು ಹಿಡಿ, ಹೊಲಿಗೆಯ ಉದ್ದಕ್ಕೇ ಎಳಿ,
ಅಡ್ಡ ಎಳೆದರೆ ನೂಲು ಬಿಡುತ್ತದೆ.
ಸಲ್ಮಾಬಾದಿನ ಈ ತಗಡಿನ ಶೆಡ್ಡಿನಲ್ಲಿ
ಹನ್ನೊಂದು ವರ್ಷಕ್ಕೆ ನಾನು ಕಲಿತದ್ದು ಇಷ್ಟೆ:
ಹೊರಗನ್ನು ಯಾರೂ ತೊಳೆದಾರು, ನಿಂತುಕೊಂಡೇ.
ಒಳಗಿಗೆ ಮಂಡಿ ಊರಬೇಕು.

ಜೂನಿನ ನಡುಹಗಲು. ಬಹರೈನಿನ ಬಿಸಿಲು.
ಬೆಲ್ಟಿನ ಬಕಲ್ಲು ತಾಗಿದರೆ ಬರೆ.
ಡ್ಯಾಶ್‌ಬೋರ್ಡು ಕಾದ ಕಾವಲಿ,
ನೇರ ಅದರ ಮೇಲೆ ಕೆಮಿಕಲ್ಲು ಹೊಡೆದೆಯೋ
ನೀರುದೋಸೆಯ ತೂತಿನ ಹಾಗೆ ಕಲೆ ನಿಲ್ಲುತ್ತದೆ.
ಬಟ್ಟೆಗೆ ಹೊಡಿ. ಬಟ್ಟೆಯಿಂದ ಒರೆಸು.
ಫಳಫಳ ಹೊಳೆಯಲಿ ಅನ್ನುವ ಆಸೆ ಬೇಡ,
ಹೊಳೆವ ಪ್ಲಾಸ್ಟಿಕ್ಕು ಬಿಸಿಲನ್ನೆತ್ತಿ ಗಾಜಿಗೆಸೆದು
ಓಡಿಸುವವನ ಕಣ್ಣು ಕೀಳುತ್ತದೆ.
ಸ್ಟೇರಿಂಗಿಗಂತೂ ಎಣ್ಣೆ ತಾಗಿಸಲೇಕೂಡದು.

ಕಾಗದದಲ್ಲಿ ಲೆದರ್ ಸೀಟು ಅಂತಿದೆ.
ಬೆರಳಿಟ್ಟು ನೋಡು:
ಕೂರುವಲ್ಲಿ, ಒರಗುವಲ್ಲಿ ಮಾತ್ರ ಚರ್ಮ.
ಬೆನ್ನ ಹಿಂದೆ ರೆಕ್ಸಿನ್ನು.
ಹಿಂದೆ ಕೂತು ಅದನ್ನೇ ನೋಡುವವರಿಗಾಗಿ
ಯಾವ ಕಂಪನಿಯೂ ಹಸು ಕಡಿಯುವುದಿಲ್ಲ.

ಸೀಟು ಸರಿಸು, ಹಳಿಯೊಳಗೆ ಕೈ ಹಾಕು.
ಖರ್ಜೂರದ ಬೀಜ, ಸೇತುವೆಯ ಟೋಲ್ ಚೀಟಿ,
ಹೇರ್‌ಕ್ಲಿಪ್ಪು, ಐವತ್ತು ಫಿಲ್ಸ್ (ಅದು ನಿನಗೆ).
ಉಳಿದದ್ದು ಚೀಲ ಕಟ್ಟಿ ಕೌಂಟರಿಗೆ.
ಕೇಳಿಕೊಂಡು ಯಾರೂ ಬರುವುದಿಲ್ಲ.
ಒಮ್ಮೆ ಮಾತ್ರ ಮುಹರ್ರಕ್‌ನಿಂದ ಒಬ್ಬಳು ಮುದುಕಿ ಬಂದಿದ್ದಳು,
ತೀರಿಹೋದ ಗಂಡನ ಜಪಸರ ಹರಿದು ಬಿದ್ದಿತ್ತಂತೆ.
ಇಡೀ ಕಾರ್ಪೆಟ್ಟು ಎಬ್ಬಿಸಿ ಹುಡುಕಿದೆ.
ಮೂವತ್ತಮೂರರಲ್ಲಿ ಮೂವತ್ತೆರಡು ಸಿಕ್ಕವು.
ಸಾಕು ಮಗನೇ, ಅಂದಳು. ಹೋಗುವಾಗ
ಮತ್ತೊಮ್ಮೆ ಬಗ್ಗಿ ನೋಡಿದಳು.

ಈಗ ಇಲ್ಲಿ ಬಾ. ಡ್ರೈವರ್ ಸೀಟಿನ ಬೆನ್ನಿಗೆ
ಕೆಳಗೆ, ಮಗುವಿನ ಮೊಣಕಾಲಿನ ಎತ್ತರಕ್ಕೆ
ನೀಲಿ ಬಾಲ್‌ಪೆನ್ನು.
ನಿನ್ನ ಕಣ್ಣಿಗೆ ಅದು ಜಿಲೇಬಿ.
ನನಗೂ ಒಂದು ಗಳಿಗೆ ಹಾಗೇ ಕಂಡಿತು, ನಿಜ.
ಊರಿಂದ ಬರುವುದೆಲ್ಲ ವಾಯ್ಸ್ ಮೆಸೇಜು,
ಕೈಬರಹ ಕಂಡು ಕಾಲವಾಯಿತು.
ಆಮೇಲೆ ಓದಿದೆ, ತುಟಿ ಅಲ್ಲಾಡಿಸಿ:

ಈ ಕಾರು ನಮದು

ನಾಗೂರಿನ ಶಾಲೆಯಲ್ಲಿ ಒತ್ತಕ್ಷರ ಬಿಟ್ಟರೆ
ಜಲಜಾಕ್ಷಿ ಟೀಚರು ಕಿವಿ ಹಿಂಡುತ್ತಿದ್ದರು.
ಒತ್ತಿ ಹೇಳೋ, ನಮ್‌-ಮದು.
ಕಿವಿ ಈಗಲೂ ಬಿಸಿಯಾಯಿತು. ಜೂನಿನದಿರಬಹುದು.

ಯಾಕೆ ಮಾರಿದರೋ. ಕೆಲಸ ಹೋಯಿತೋ,
ಇದಕ್ಕಿಂತ ದೊಡ್ಡದು ಬಂತೋ.
ಸೀಟು ಕಾಫಿಯ ಕಲೆ ಹೇಳುತ್ತದೆ, ಕಾರಣ ಹೇಳುವುದಿಲ್ಲ.

ಇಂಕಿಗೆ ಸ್ಪಿರಿಟ್ಟು. ಉಜ್ಜಬೇಡ,
ಉಜ್ಜಿದರೆ ಹರಡಿ ಸೀಟಿಗೆ ಸೀಟೇ ನೀಲಿ.
ಹತ್ತಿಕಡ್ಡಿಯನ್ನು ಗೆರೆಯ ಮೇಲೇ ನಡೆಸಬೇಕು,
ಪ್ರತಿ ಸಲ ಹೊಸ ತುದಿ.
ಎಲ್ಲಿಂದ ಶುರು ಅಂದೆಯಲ್ಲ?
ಮಗು ಶುರು ಮಾಡಿದಲ್ಲಿಂದ.
ಕಾ-ದ ಇಳಿಯನ್ನು ಇಳಿದು,
ರು-ವಿನ ಕೊಂಬಿನ ತುದಿ ಮುಟ್ಟಿ,
ನ-ದ ತಲೆಕಟ್ಟು ಕೊನೆಗೆ.
ಅಳಿಸುವ ಕೈ ಅದೇ ದಾರಿಯಲ್ಲಿ ಹೋಯಿತು,
ತಿದ್ದಿಸುವ ಕೈಯ ಹಾಗೆ.

ಮ-ದ ಹತ್ತಿರ ಬಂದು ನಿಂತೆ.
ಅದರ ಕೆಳಗೆ ಬಿಸ್ಕೆಟ್ ಬಣ್ಣದ ಖಾಲಿ ರೆಕ್ಸಿನ್ನು.
ಹೊಸ ಕಡ್ಡಿ ಅದ್ದಿ
ಒಂದು ಒತ್ತು ಬರೆದೆ, ಬರೀ ಸ್ಪಿರಿಟ್ಟಿನಲ್ಲಿ.
ಒದ್ದೆಯಾಗಿ ಕಂಡಿತು. ಬಾಲ ಎಳೆದು ಮುಗಿಸುವಷ್ಟರಲ್ಲಿ
ತಲೆ ಆರಿತ್ತು.

ಅಲ್ಲಿ ಕೊಳೆಯೇ ಇರಲಿಲ್ಲವಲ್ಲ ಭಾಯಿ, ಅಂದೆ ನೀನು.
ಹೌದು, ಇರಲಿಲ್ಲ.
ಬಟ್ಟೆ ಕೊಡು.

ನಾಲ್ಕೂವರೆಗೆ ಮೀರಾನ್ ಬಿಲ್ಲು ಬರೆಯಲು ಕೂತ.
ಸೀಟು ಐದು, ಬಾಗಿಲು ನಾಲ್ಕು, ಡ್ಯಾಶ್ ಒಂದು.
ಇಂಕಿನ ಕಲೆ ಎಷ್ಟು?
ಆರು, ಅಂದೆ.
ತಲೆಯೆತ್ತಿ ನನ್ನನ್ನು ನೋಡಿ
ಒಂದು ಅಂತ ಬರೆದು
ಐನೂರು ಫಿಲ್ಸ್ ಸೇರಿಸಿದ.