ಉಳಿಕೆ

ಸೊಲ್ಲಾಪುರ, ಅಕ್ಕಲಕೋಟ ರಸ್ತೆಯ ಶೆಡ್ಡು.
ಹದಿನೇಳನೇ ಮಗ್ಗದ ಎದೆಗೆ ಸೆನ್ಸರ್ ಅಂಟಿಸಿ
ಲ್ಯಾಪ್‌ಟಾಪ್ ತೆರೆದೆ. ಪೆಟ್ಟಿಗೆಯೊಳಗೇ ತುಂಬಿ ಕೊಟ್ಟ
ಇಪ್ಪತ್ತೊಂದು ಮಾದರಿ:
ಸೈನ್, ಗೌಸಿಯನ್, ಸೋತು ಸೋತು ಇಳಿಯುವ ಅಲೆ.
ಒಂದೊಂದನ್ನೇ ತೊಡಿಸಿ ನೋಡಿದೆ,
ಯಾರದೋ ಅಳತೆಗೆ ಹೊಲಿದ ಅಂಗಿ.
ತೋಳು ಕೂತರೆ ಕೊರಳು ಬಿಗಿ.

ಪ್ರತಿ ಸಲವೂ ಕೆಳಗೆ ಉಳಿಯಿತು
ಒಂದು ಸಣ್ಣ ಗೂರಲು.
ಗದ್ದಲ ಎಂದು ಬರೆದು ಕೈತೊಳೆಯಬಹುದಿತ್ತು.

ಜಾಬರ್ ಗುರುಶಾಂತಪ್ಪ, ಕಿವಿಯಲ್ಲಿ ಬೀಡಿ,
ಪರದೆ ನೋಡಲಿಲ್ಲ. ಚೌಕಟ್ಟಿಗೆ ಅಂಗೈ ಇಟ್ಟ:
"ಲಾಳಿ ಹೊಡಿಯೂ ತೊಗಲು ಒಣಗೇತಿ ತಂಗಿ.
ಹೊಡದು, ಒಂದೀಟು ತಡದು, ಆಮ್ಯಾಲ ನಡಗ್ತೈತಿ."

ಆ ಒಂದೀಟನ್ನು ಸಮೀಕರಣಕ್ಕೆ ಇಳಿಸಿದೆ.
ಮೂರು ಗುಣಾಂಕ, ಹೊಸ ಕಡತ, ಸೇರಿಸು.
ಮೊದಲ ಊಹೆ ಎಷ್ಟು? ಕೇಳಿತು ಪೆಟ್ಟಿಗೆ.
ನಾನು ಅವನನ್ನು ಕೇಳಿದೆ.
"ಎಣ್ಣಿ ಕಂಡು ಎಷ್ಟ ದಿನ ಆತು, ಅಷ್ಟ."

ಗೆರೆಯ ಮೇಲೆ ಗೆರೆ ಕೂತಿತು.
ಪಟ್ಟಿಯಲ್ಲೀಗ ಇಪ್ಪತ್ತೆರಡು.
ವಿವರಣೆಯ ಖಾನೆ ಮಾತ್ರ ಖಾಲಿ:
ಮಾಲಕರದು ತೆಲುಗು, ಬಾಗಿಲಾಚೆ ಮರಾಠಿ,
ಪೆಟ್ಟಿಗೆಗೆ ಇಂಗ್ಲಿಷು.
'ಒಣಗೇತಿ' ಎಂದು ಬರೆದೆ, ಅಳಿಸಿದೆ,
ಮತ್ತೆ ಬರೆದೆ.

ಹದಿನೆಂಟನೇ ಮಗ್ಗಕ್ಕೆ ಅದೇ ಮಾದರಿ
ಕೂರಲಿಲ್ಲ.
ಗುರುಶಾಂತಪ್ಪ ಆಗಲೇ ಚಹಾಕ್ಕೆ ಹೋಗಿದ್ದ.