ತಾಜಾ ಕಲಮು

ಶಿವಮೊಗ್ಗೆ, ಮಿಶನ್ ಬಂಗಲೆ,
ಸಾವಿರದೆಂಟುನೂರ ಎಪ್ಪತ್ನಾಲ್ಕು, ಜುಲೈ.
ಸ್ಕೂಲು ಇನ್ಸ್‌ಪೆಕ್ಟರ್ ಸಾಹೇಬರ ಸನ್ನಿಧಾನಕ್ಕೆ,

ಕುಂಸಿ ಹೋಬಳಿ ಶಾಲೆಗೆ ಉಪಾಧ್ಯಾಯರು ಬೇಕೆಂದು ಕೇಳಿದೆ.
ಮೇದರ ಕೇರಿಯ ಹೊನ್ನಪ್ಪನ ಮಗ ಕೊಲ್ಲೂರಪ್ಪ,
ವಯಸ್ಸು ಇಪ್ಪತ್ತೊಂದು, ನನ್ನಲ್ಲಿ ಒಂಬತ್ತು ವರ್ಷ ಓದಿದವನು.
ಕಾಲು, ಅರೆ, ಮುಕ್ಕಾಲಿನ ಮಗ್ಗಿ ಬಲ್ಲ,
ಮೋಡಿ ಬರಹ ಬಿಡಿಸಬಲ್ಲ,
ಅವನ ಗೆರೆ ಬಿದಿರು ಸೀಳಿದ ಹಾಗೆ ನೇರ.

ಇಲ್ಲಿಯವರೆಗಿನದು ಎಲ್ಲ ಪಾದ್ರಿಗಳೂ ಬರೆಯುವುದೇ.

ಬೇರೆ ಬಾಯಿಂದ ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ:
ಹುಡುಗ ತೊದಲುತ್ತಾನೆ.
'ಕ' ಎಂದರೆ ಅವನಿಗೆ ಬಾಗಿಲಲ್ಲಿ ನಿಂತ ಎಮ್ಮೆ,
ಒಳಗೂ ಬಾರದು, ಹೊರಗೂ ಹೋಗದು.
ತನ್ನ ಹೆಸರು ಹೇಳಿ ಮುಗಿಸುವಷ್ಟರಲ್ಲಿ
ನೀವು ಒಂದು ಎಲೆಯಡಿಕೆ ಹಾಕಿಕೊಳ್ಳಬಹುದು.
ಕುಂಸಿಯೂ ಹಾಗೆಯೇ, ಪಾಪ.

ನಾನು ಬಂದ ವರ್ಷ, ಸಂತೆಯ ದಿನ, ಕಟ್ಟೆ ಹತ್ತಿ
"ದೇವರು ನಿಮ್ಮ ಮನಸ್ಸಿನ ಕೊಲೆ ತೊಳೆಯುವನು" ಎಂದೆ.
"ಹಲ್ಲಿ ಹಲ್ಲಿಗೂ ಬರುತ್ತೇನೆ" ಎಂದೆ.
ಸಂತೆಗೆ ಸಂತೆಯೇ ನಕ್ಕಿತು.
ನನ್ನ ಮುನ್ಷಿಗಳು ಮುಖ ತಿರುಗಿಸಿ ಕೆಮ್ಮಿದರು;
ತಿಂಗಳಿಗೆ ಹನ್ನೆರಡು ರೂಪಾಯಿ ಕೊಡುವವನನ್ನು
ತಿದ್ದುವುದಾದರೂ ಹೇಗೆ?

ಸಂಜೆ ಬುಟ್ಟಿ ಮಾರಲು ಬಂದ ಎಂಟರ ಹುಡುಗ
ಮೆಟ್ಟಿಲ ಮೇಲೆ ನಿಂತು, ಕಣ್ಣು ಮುಚ್ಚಿ,
ಕತ್ತಿನ ನರ ಬಿಗಿದು,
"ಕೊ... ಕೊ... ಕೊಳೆ" ಎಂದ.
ಬಾಯಿ ತೆರೆದು ನಾಲಿಗೆ ಮಡಿಸಿದ,
ಬಿದಿರ ಕಡ್ಡಿಯಿಂದ ತನ್ನ ಅಂಗುಳ ಮುಟ್ಟಿ ತೋರಿಸಿದ: ಇಲ್ಲಿ.
ಬುಟ್ಟಿಗೆ ಎರಡಾಣೆ.
ಇನ್ನೊಂದಕ್ಕೆ ಬೆಲೆ ಹೇಳಲಿಲ್ಲ.

'ನನ್ನ ಶಿಷ್ಯ' ಎಂದು ಮೇಲೆ ಬರೆದು ಹೊಡೆದುಹಾಕಿದ್ದು ಅದಕ್ಕೇ.

ಕುಂಬಾರರ ಗಾಳ್ಯ ಎಂಬವನೊಬ್ಬನಿದ್ದ, ಮಂದ.
ಒಂದು ಸಾಲು ಓದಲು ಅವನಿಗೆ ಒಂದು ಬೆಳಗು ಬೇಕು.
ನಾನು ಬೆತ್ತ ಮುರಿದು ಊಟಕ್ಕೆ ಹೋದೆ.
ತಿರುಗಿ ಬಂದಾಗ ಕೊಲ್ಲೂರಪ್ಪ ಪಕ್ಕದಲ್ಲಿ ಕುಳಿತೇ ಇದ್ದ,
ಸಾಲು ಮುಗಿದಿತ್ತು.

ನಿಮ್ಮ ನಮೂನೆಯಲ್ಲಿ 'ಮತ' ಎಂಬ ಕಲಮು ಇದೆ.
ದೀಕ್ಷಾಸ್ನಾನ ಆಗಿಲ್ಲ.
ನಾನು ಮೂರು ಸಲ ಕೇಳಿದ್ದುಂಟು.
ಮೂರನೆಯ ಸಲ ಅವನು ಉತ್ತರ ತೊಡಗಿದ;
ಗಂಟೆ ಹೊಡೆಯಿತು, ಪ್ರಾರ್ಥನೆಗೆ ಹೊತ್ತಾಯಿತೆಂದು ನಾನು ಎದ್ದೆ.
ಆ ವಾಕ್ಯ ಇನ್ನೂ ಅವನ ಬಳಿಯೇ ಇದೆ.
ಕಲಮು ಖಾಲಿ ಬಿಟ್ಟಿದ್ದೇನೆ.

ಸಂಬಳ ಏಳು ರೂಪಾಯಿ ಎಂದು ತಿಳಿಸಿದ್ದೀರಿ. ಅವನು ಒಪ್ಪುತ್ತಾನೆ.
ಕಾಗದವನ್ನು ಅವನ ಕೈಯಲ್ಲೇ ಕಳಿಸಿದೆ.
ಹೆಸರೇನೆಂದು ಕೇಳಿ.
ಕೇಳಿದ ಮೇಲೆ ಗಡಿಯಾರ ನೋಡಬೇಡಿ.

ಇಂತೀ ವಿಧೇಯ,
ಎಡ್ಮಂಡ್ ಪ್ಯಾಸ್ಕೋ

ತಾ.ಕ.: ಇದರಲ್ಲಿ ಎಲ್ಲಿಯಾದರೂ 'ಳ' ತಪ್ಪಿದ್ದರೆ ಮನ್ನಿಸಬೇಕು.
ಇದೊಂದನ್ನು ಮಾತ್ರ ಅವನಿಗೆ ತೋರಿಸದೆ ಬರೆದೆ.